ಶನಿವಾರ ಹೊಳೆ ಮುಚ್ಚಿರಲಿಲ್ಲ

೨೦೦೩ರಲ್ಲಿ ನಾನು ಉಡುಪಿ ಭಾಗದ ಹೊಳೆಗಳಲ್ಲಿ ದೋಣಿ ಸಂಚಾರ ನೋಡಿಕೊಳ್ಳುವ ಸರ್ಕಾರಿ ಕಚೇರಿಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ದೋಣಿಗಳಿಗೆ ಲೈಸೆನ್ಸ್ ಕೊಡುವುದು, ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಎಷ್ಟು ಜನ ಕೂರಬಹುದೆಂದು ಗೊತ್ತುಮಾಡುವುದು ನನ್ನ ಕೆಲಸ. ಆ ವರ್ಷದ ಕೊನೆಗೆ ಕೆಲವು ಕಾಲೇಜುಗಳು ಸೇರಿ ಉದ್ಯಾವರ ಹೊಳೆಯಲ್ಲಿ ರೋಯಿಂಗ್ ಸ್ಪರ್ಧೆ ನಡೆಸಲು ಅನುಮತಿ ಕೇಳಿದವು.

ಹೊಳೆ ಖಾಲಿ ಇರುವುದಿಲ್ಲ. ಬಲೆ ಬೀಸುವವರು, ಕಡವಿನವರು, ಮರಳು ತೆಗೆಯುವವರು ಎಲ್ಲರಿಗೂ ಅದೇ ನೀರು. ಹಾಗಾಗಿ ಒಂದು ಸಭೆ ಕರೆದೆ. ಮೀನುಗಾರರ ಪರವಾಗಿ ಪೂವಪ್ಪ ಎಂಬ ಹಿರಿಯರು ಬಂದರು. ಮರಳು ದೋಣಿಗಳ ಮಾಲೀಕರೊಬ್ಬರು ಬಂದು, "ನನ್ನ ಜನರಿಗೆ ನಾನೇ ಹೇಳ್ತೇನೆ" ಎಂದರು. ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಬೇರೆ ದೋಣಿಗಳು ಇಳಿಯಬಾರದೆಂದು ಆದೇಶ ಬರೆದೆ. ಯಾರೂ ತಕರಾರು ಮಾಡಲಿಲ್ಲ. ಕೆಲಸ ಚೆನ್ನಾಗಿ ಮುಗಿಯಿತೆಂದು ನನಗೇ ಸ್ವಲ್ಪ ಹೆಮ್ಮೆಯಾಗಿತ್ತು.

ಶುಕ್ರವಾರ ಸಂಜೆ ತಂಡವೊಂದರ ಕೋಚ್ ಫೋನ್ ಮಾಡಿದರು. "ಸಾರ್, ನಾಳೆ ಬೆಳಿಗ್ಗೆ ಒಂದು ಗಂಟೆ ಅಭ್ಯಾಸ ಮಾಡಿಕೊಳ್ಳಲಾ? ಹುಡುಗರಿಗೆ ಈ ನೀರು ಹೊಸದು."

"ಮಾಡಿ" ಎಂದೆ. ಅಷ್ಟೇ. ಬರೆದುಕೊಳ್ಳಲಿಲ್ಲ, ಯಾರಿಗೂ ತಿಳಿಸಲಿಲ್ಲ.

ಶನಿವಾರ ನಾನು ದಡದಲ್ಲಿ ನಿಂತು, ಲೇನ್ ಗುರುತಿಸುವ ತೇಲುಬುರುಡೆಗಳನ್ನು ಕಟ್ಟಿಸುತ್ತಿದ್ದೆ. ತಿರುವಿನ ಆಚೆ ಒಂದು ಮರಳು ದೋಣಿ ನಿಂತಿತ್ತು. ಕೊಪ್ಪಳದ ಕಡೆಯ ಬಸಪ್ಪ ಎಂಬ ಕೂಲಿಯಾಳು ಎದೆಮಟ್ಟದ ನೀರಿನಲ್ಲಿ ನಿಂತು ಬುಟ್ಟಿ ತುಂಬಿ ಮೇಲಕ್ಕೆ ಕೊಡುತ್ತಿದ್ದ. ಅಷ್ಟರಲ್ಲಿ ಇಬ್ಬರು ಹುಟ್ಟು ಹಾಕುವ ಉದ್ದನೆಯ ತೆಳ್ಳಗಿನ ರೇಸಿಂಗ್ ದೋಣಿಯೊಂದು ವೇಗವಾಗಿ ತಿರುವಿಗೆ ಬಂತು.

ಈ ದೋಣಿಗಳ ಬಗ್ಗೆ ಒಂದು ಮಾತು ಹೇಳಬೇಕು. ಹುಟ್ಟು ಹಾಕುವವರು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೆ ಏನಿದೆ ಎಂದು ಕಾಣಬೇಕಾದರೆ ಕತ್ತು ತಿರುಗಿಸಬೇಕು. ನಮ್ಮ ಹೊಳೆಯವರು ನಿಂತು, ಮುಂದೆ ನೋಡುತ್ತಾ ಬಿದಿರಿನ ಜಲ್ಲೆ ಊರಿ ದೋಣಿ ನಡೆಸುವವರು. ದೋಣಿಯವನು ತನ್ನನ್ನು ಕಂಡೇ ಕಾಣುತ್ತಾನೆಂದು ಬಸಪ್ಪ ಸರಿಯಲಿಲ್ಲ.

ನಾನು ಕೂಗಿದೆ. ಹುಡುಗರು ತಿರುಗಿ ನೋಡುವಷ್ಟರಲ್ಲಿ ದೋಣಿಯ ಬದಿಗೆ ಚಾಚಿದ್ದ, ಹುಟ್ಟು ಸಿಕ್ಕಿಸುವ ಕಬ್ಬಿಣದ ಚೌಕಟ್ಟು ಬಸಪ್ಪನ ಬಲಭುಜಕ್ಕೆ ಬಡಿಯಿತು. ಅವನು ಮುಳುಗಿದ. ಹತ್ತಿರದಲ್ಲಿ ಬಲೆ ಎಳೆಯುತ್ತಿದ್ದ ಪೂವಪ್ಪ ನೀರಿಗೆ ಹಾರಿ ಅವನನ್ನು ಎಳೆದು ತಂದರು. ಒದ್ದೆ ಮೈಯಲ್ಲೇ ನನ್ನೆದುರು ನಿಂತು ಕೇಳಿದರು: "ಎಂತ ಸಾರ್ ಇದು? ರೇಸು ನಾಳೆ ಅಲ್ವಾ?"

ನಾನು ಬಸಪ್ಪನನ್ನು ಆಸ್ಪತ್ರೆಗೆ ಕಳಿಸಲು ಗಾಡಿ ಹುಡುಕಿಕೊಂಡು ರಸ್ತೆಗೆ ಓಡಿದೆ.

ಮರುದಿನ ಸ್ಪರ್ಧೆ ನಡೆಯಿತು. ಮರಳು ದೋಣಿಗಳನ್ನೆಲ್ಲ ದಡದಲ್ಲಿ ಕಟ್ಟಿಹಾಕಿದ್ದರು, ಆದೇಶದಲ್ಲಿದ್ದಂತೆಯೇ. ಬಸಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದ. ನಾನು ಸೀಟಿ ಹಿಡಿದು ಹೊಳೆ ಕಾಯುತ್ತಿದ್ದೆ.

ಸೋಮವಾರ ಮೇಲಧಿಕಾರಿ ವರದಿ ಕೇಳಿದರು. ಕೋಚ್ ತಮಗೆ ಅನುಮತಿ ಇತ್ತೆಂದು ಹೇಳಿಯೇ ಇರಲಿಲ್ಲ. ಹೇಳಿದರೆ, ಕಾಗದವಿಲ್ಲದೆ ಹುಡುಗರನ್ನು ನೀರಿಗಿಳಿಸಿದ್ದು ತಮ್ಮ ಮೇಲೂ ಬರುತ್ತದೆಂಬ ಭಯವಿರಬೇಕು. ಫೋನಿನಲ್ಲಿ ಒಪ್ಪಿದ್ದು ನಾನೇ ಎಂದು ಅಧಿಕಾರಿಗೆ ಹೇಳಿದೆ. "ಆ ಮರಳು ದೋಣಿಯ ಲೈಸೆನ್ಸ್ ಮುಗಿದಿದೆ ಮಾರಾಯ್ರೆ" ಎಂದರು ಅಧಿಕಾರಿ. "ಅಷ್ಟು ಬರೆದರೆ ಸಾಕು. ಫೋನಿನ ಮಾತಿಗೆ ದಾಖಲೆ ಎಂತ ಉಂಟು?"

ಅಷ್ಟು ಬರೆದರೆ ಸುಳ್ಳಾಗುತ್ತಿರಲಿಲ್ಲ. ಎರಡು ದಿನ ವರದಿಯ ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಬಸಪ್ಪನ ಹೆಂಡತಿ ರೇಣವ್ವ ನೆಲದ ಮೇಲೆ ಕೂತಿದ್ದಳು. ನಾನು ಯಾರೆಂದು ತಿಳಿದು ಎದ್ದು ನಿಂತಳು.

"ಸಾಹೇಬ್ರ, ಶನಿವಾರ ಹೊಳಿಗೆ ಇಳೀಬಾರ್ದಂತ ನಮಗ ಯಾರೂ ಹೇಳಿದ್ದಿಲ್ರೀ. ಇವರದು ತಪ್ಪು ಅಂತಾರಲ್ಲ, ಯಾರರ ಹೇಳಿದ್ರೇನ್ರೀ?"

"ಇಲ್ಲಮ್ಮ. ಹೇಳಬೇಕಾದವನು ನಾನು. ಹೇಳಲಿಲ್ಲ" ಎಂದೆ.

ಕಚೇರಿಗೆ ಬಂದು ಅದನ್ನೇ ಬರೆದೆ. ನನ್ನ ಸೇವಾ ಪುಸ್ತಕದಲ್ಲಿ ಛೀಮಾರಿ ದಾಖಲಾಯಿತು. ಬಸಪ್ಪನ ಚಿಕಿತ್ಸೆಯನ್ನು ಸಂಘಟಕರು ವಹಿಸಿಕೊಂಡರು. ಭುಜ ಕೂಡಿತು, ಆದರೆ ಕೈ ಎದೆಯಿಂದ ಮೇಲಕ್ಕೆ ಏಳಲಿಲ್ಲ. ಅವನು ಊರಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ವರದಿಯ ವಿಷಯ ಅವನಿಗೆ ತಿಳಿದಿತ್ತು.

"ನೀವು ಖರೇ ಬರದ್ರಿ, ಚಲೋ ಆತ್ರೀ" ಎಂದ. ಗಂಟನ್ನು ಎಡಗೈಯಲ್ಲಿ ಎತ್ತಿಕೊಳ್ಳುತ್ತಾ, "ಆದ್ರ ಬುಟ್ಟಿ ಎತ್ತಾಕ ಬರೂದಿಲ್ಲಲ್ರೀ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಅಭ್ಯಾಸದ ದಿನಗಳನ್ನೂ ಆದೇಶದಲ್ಲಿ ಸೇರಿಸತೊಡಗಿದೆ. ಪ್ರತಿ ರೇಸಿಂಗ್ ದೋಣಿಯ ಜೊತೆ ಮುಂದೆ ನೋಡುವವನೊಬ್ಬನಿರುವ ಇನ್ನೊಂದು ದೋಣಿ ಕಡ್ಡಾಯವಾಯಿತು. ಕೂಲಿಗಳ ಶೆಡ್‌ಗಳಿಗೆ ನಾನೇ ನಡೆದು ಹೋಗಿ ಆದೇಶ ಓದಿ ಹೇಳುತ್ತಿದ್ದೆ. ಸಭೆಗೆ ಬಂದವರ ನಡುವೆ ಹೊಳೆಯನ್ನು ಹಂಚುವುದು ಸುಲಭ. ನೀರಿನಲ್ಲಿ ನಿಂತು ದುಡಿಯುವವನು ಸಭೆಗೆ ಬರುವುದಿಲ್ಲ. ಅವನಿದ್ದಲ್ಲಿಗೆ ನಾವು ಹೋಗಬೇಕು. ಇಷ್ಟನ್ನು ನಾನು ಕಲಿತದ್ದು ಬಸಪ್ಪನ ಬಲಗೈ ದುಡಿಮೆಗೆ ಬಾರದಾದ ಮೇಲೆ.