ಮೊದಲ ಬೆಂಚಿನವರೆಗಿನ ಇಂಗ್ಲಿಷ್

ತಂಗಿಯ ಮಗಳು ಬಿ.ಎಡ್. ಓದಲು ಮಂಚಿಕೇರಿಯಿಂದ ಶಿರಸಿಯ ನಮ್ಮ ಮನೆಗೆ ಬಂದಳು. ಇಂಗ್ಲಿಷ್ ಬಾಯಿಗೇ ಬರುವುದಿಲ್ಲ ಎಂದು ಅಳುತ್ತಿದ್ದಳು. ನಾನು ಪಾತ್ರೆ ಅಂಗಡಿಯವನು, ಮಾತಿನಿಂದಲೇ ಮೇಲೆ ಬಂದವನು. ಅವಳ ಫೋನಿಗೆ ಎಐ ಚಾಟ್‌ಬಾಟ್ ಹಾಕಿಸಿ, "ಇದು ಬೈತಿಲ್ಲೆ, ನಗ್ತಿಲ್ಲೆ. ಬೇಕಾದಷ್ಟು ಮಾತಾಡು" ಎಂದೆ.

ಅವಳ ಅಪ್ಪನ ಹತ್ತಿರವೂ ಚೌಕಾಶಿ ಮಾಡಿದೆ. ಸಿದ್ದಾಪುರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೆಲಸ ಸಿಕ್ಕರೆ ಮದುವೆಯ ಮಾತು ಸದ್ಯಕ್ಕಿಲ್ಲ. ಸಿಗದಿದ್ದರೆ ಆಗಲೇ ಬಂದಿದ್ದ ಗಂಡಿನ ಸಂಬಂಧಕ್ಕೆ ಹೂಂ ಅನ್ನುವುದು. ಭಾವ ಒಪ್ಪಿದ.

ಚಾಟ್‌ಬಾಟ್ ನಗಲಿಲ್ಲ, ನಿಜ. ನನ್ನ ಮಕ್ಕಳು ನಕ್ಕರು. "ಅಮೆರಿಕಾ ಮೇಡಂ ಬಂದ್ರು, ಚಾ ಮಾಡ್ರೋ!" ಎಂದು ಕಾಡಿದರು. ಅವಳು ಬಚ್ಚಲಮನೆಯ ಹಿಂದೆ ಕೂತು, ಬಾಯಿಗೆ ಕೈ ಅಡ್ಡ ಹಿಡಿದು, ಫೋನಿಗೆ ತುಟಿ ತಾಗಿಸಿ ಪಿಸುಗುಡತೊಡಗಿದಳು. ಚಾಟ್‌ಬಾಟ್‌ಗೆ ಅಷ್ಟು ದನಿಯೇ ಸಾಕಾಗುತ್ತಿತ್ತು. ತಪ್ಪು ತಿದ್ದುತ್ತಿತ್ತು, ಭೇಷ್ ಅನ್ನುತ್ತಿತ್ತು. ಕೋರ್ಸು ಮುಗಿಯುವಷ್ಟರಲ್ಲಿ ಅವಳ ಇಂಗ್ಲಿಷ್ ನೀರಿನಂತೆ ಹರಿಯುತ್ತಿತ್ತು.

ಸಿದ್ದಾಪುರದ ಶಾಲೆಯಲ್ಲಿ ಪರೀಕ್ಷೆಗೆಂದು ಅವಳಿಂದ ಒಂದು ಪಾಠ ಮಾಡಿಸಿದರು. ನಾನು ಜಗುಲಿಯಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಟೀಚರ್, ಎಂತದೂ ಕೇಳ್ತಾ ಇಲ್ಲ!" ಅವಳು ಅದೇ ವಾಕ್ಯವನ್ನು ಅಷ್ಟೇ ಮೆಲ್ಲಗೆ ಮತ್ತೆ ಹೇಳಿದಳು. ತರಗತಿ ಗುಜುಗುಜು ಎಂದಿತು. ಕೊನೆಗೆ ದನಿ ಎತ್ತಿದಳು, ಬಂದದ್ದು ಕನ್ನಡ. "ಸುಮ್ನೆ ಕೂತ್ಕೊಳ್ಳಿ!" ಮತ್ತೆ ಇಂಗ್ಲಿಷಿಗೆ ಹೋದಳು, ದನಿ ಮತ್ತೆ ಕುಗ್ಗಿತು. ಕೂಗಿ ಹೇಳುವ ಇಂಗ್ಲಿಷ್ ಅವಳಲ್ಲಿ ಇರಲೇ ಇಲ್ಲ.

"ಭಾಷೆ ಚೆನ್ನಾಗಿದೆಯಮ್ಮ," ಎಂದರು ಮುಖ್ಯೋಪಾಧ್ಯಾಯಿನಿ. "ಆದರೆ ಮೊದಲ ಬೆಂಚಿಗೆ ಮಾತ್ರ."

ಮಕ್ಕಳಿಗೆ ಫೋನಿನಿಂದ ಇಂಗ್ಲಿಷ್ ಕಲಿಸುವವರು ಕೇಳಿ: ಫೋನನ್ನು ಕಿಟಕಿಯಲ್ಲಿಟ್ಟು ಅವರನ್ನು ಅಂಗಳದ ಆ ತುದಿಗೆ ನಿಲ್ಲಿಸಿ. ಮನೆಯವರು ನಗದ ಹಾಗೆ ನೋಡಿಕೊಳ್ಳಿ. ಅದು ಯಾವ ಫೋನಿನಿಂದಲೂ ಆಗುವ ಕೆಲಸವಲ್ಲ.

ವಾಪಸು ಬರುವಾಗ ಬಸ್ಸಿನಲ್ಲೇ ಭಾವನ ಫೋನು ಬಂತು. "ಇನ್ನೊಂದು ಶಾಲೆ ನೋಡನ ಭಾವ, ಯಲ್ಲಾಪುರದಲ್ಲೂ ಇದ್ದು" ಎಂದೆ. ಎಂಥೆಂಥ ಗಿರಾಕಿಯನ್ನು ಒಪ್ಪಿಸಿದ ಬಾಯಿ ನನ್ನದು, ಅಂದು ಏನೂ ನಡೆಯಲಿಲ್ಲ.

"ಆಡಿದ ಮಾತು ಆಡಿದ್ದೇ. ಗಂಡಿನ ಮನೆಯವ್ಕೆ ಎಂತ ಹೇಳ್ಲಿ, ಹೇಳು" ಎಂದ.

ಅವಳ ಕಡೆ ನೋಡಿದೆ. ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು:

"ಹೂಂ ಹೇಳ್ಬುಡು ಮಾವ."

ಹೇಳಿದೆ.