ಫೋನಿನಲ್ಲಿ ನೀನಂದ ‘ಬರ್ತೀನಿ’

ಅಕ್ಕಾ, ಮನೆಯ ಫೋನಿನಲ್ಲಿ ನೀನು ಅವ್ವನಿಗೆ ರೆಕಾರ್ಡ್ ಮಾಡಿ ಬಿಟ್ಟಿದ್ದ ಮಾತನ್ನು ಅಳಿಸಿದವನು ನಾನು. ಅವ್ವ ಅದನ್ನು ಕೇಳಲೇ ಇಲ್ಲ. ಮೊದಲು ಇಷ್ಟು ಹೇಳಿಬಿಡುತ್ತೇನೆ — ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ.

ನನ್ನ ಓದು ಎಷ್ಟು ಅಂತ ನಿನಗೆ ಗೊತ್ತು. ಇದನ್ನು ನಿನಗೆ ಹೇಗೆ ಮುಟ್ಟಿಸಬೇಕೋ ತಿಳಿಯದು; ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನೀನು ಮೆಚ್ಚಿದವನನ್ನು ಮದುವೆಯಾಗಿ ಹೋದ ಮೇಲೆ ಅಪ್ಪ ಎಲ್ಲರ ಮೊಬೈಲ್ ನಂಬರ್ ಬದಲಿಸಿದ. ಮನೆಯ ಫೋನಿನದು ಮಾತ್ರ ಹಾಗೇ ಉಳಿಯಿತು. ದಾವಣಗೆರೆಯ ಹೂವಿನ ವ್ಯಾಪಾರಿಗಳು ಆ ನಂಬರಿಗೇ ಫೋನ್ ಮಾಡುತ್ತಿದ್ದರು. ನಸುಕಿನಲ್ಲಿ ನಾವು ಮಲ್ಲಿಗೆ ಮೊಗ್ಗು ಬಿಡಿಸಲು ಹೊಲಕ್ಕೆ ಹೋದಾಗ, ಎಷ್ಟು ಹೂ ಬೇಕು ಅಂತ ಅದರಲ್ಲಿ ಮಾತು ಬಿಟ್ಟಿರುತ್ತಿದ್ದರು. ಬಂದು ಗುಂಡಿ ಒತ್ತಿ ಕೇಳುವುದು ನನ್ನ ಕೆಲಸ. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ, ವ್ಯಾಪಾರಿಯ ಮಾತಾದ ಮೇಲೆ ನಿನ್ನ ದನಿ.

“ಅವ್ವಾ, ನಾನು. ಆರಾಮ ಅದೀನಿ. ಈಗೂ ಸಂತಿ ದಿನ ಬಸ್‌ಸ್ಟ್ಯಾಂಡ್ ಮುಂದ ಹೂವಿನ ಬುಟ್ಟಿ ಇಟ್ಕೊಂಡು ಕುಂದ್ರತೀಯೇನು?... ಆತವ್ವಾ, ಬರ್ತೀನಿ.”

ನಮ್ಮಲ್ಲಿ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಫೋನ್ ಇಡುವಾಗ ಬರೀ ರೂಢಿಗೆ ಹಾಗೆ ಅಂದಿದ್ದಿ ಅಂತ ನಾನು ತಿಳಿದೆ — ಹೀಗೆ ಬರೆದರೆ ಸುಳ್ಳಾಗುತ್ತದೆ. ಸಂತೆಗೆ ಬರುತ್ತಿ ಅಂತ ನನಗೆ ಗೊತ್ತಾಗಿತ್ತು. ವೈರಿಲ್ಲದ ಆ ಫೋನ್ ಹಿಡಿದು ಹಿತ್ತಲಿಗೆ ಹೋದೆ. ಅಳಿಸಿದೆ. ಅದರ ಜೊತೆ ನಿನ್ನ ನಂಬರೂ ಹೋಯಿತು.

ಪಡಸಾಲೆಯಲ್ಲಿ ಹೂ ಕಟ್ಟುತ್ತಿದ್ದ ಅವ್ವ ಕೇಳಿದಳು: “ಯಾರದೋ?”

“ದಾವಣಗೇರಿ ಸಾವ್ಕಾರಂದು. ಹೂವು ಜಾಸ್ತಿ ಬೇಕಂತ.”

“ನಮಗ್ಯಾಕ ಹೇಳ್ತಾನ? ಗಿಡಕ್ಕ ಹೇಳಂತ ಹೇಳು” ಅಂದು ನಕ್ಕಳು.

ಆಗ ಹಿರೇಹಡಗಲಿಯಲ್ಲಿ ನನಗೆ ಹೆಣ್ಣು ನೋಡಿದ್ದರು. ನೀನು ಮತ್ತೆ ಮನೆಗೆ ಬಂದು ಹೋಗುವುದು ಶುರುವಾದರೆ ಸಂಬಂಧ ಮುರಿಯುತ್ತದೆ ಅಂದುಕೊಂಡೆ. ಹಾಗಂತ ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡೆ.

ಸಂತೆಯ ದಿನ ಅವ್ವನಿಗೆ, “ಮಂಡಿ ನೋವು ಅಂತಿದ್ದಿ, ಮನ್ಯಾಗಿರು” ಅಂದು ಬುಟ್ಟಿ ತಗೊಂಡು ನಾನೇ ಹೋಗಿ ಕೂತೆ. ನೀನು ಬಸ್ಸಿಳಿದು ಬಂದೆ. ನನ್ನನ್ನು ನೋಡಿದೆ, ಆಮೇಲೆ ನನ್ನ ಹಿಂದೆ ನೋಡಿದೆ.

“ಅವ್ವ ಬರ್ಲಿಲ್ಲೇನೋ?”

“ನೀ ಹೇಳಿದ್ದು ಕೇಳ್ಯಾಳ. ಬರಾಕ ಒಲ್ಲೆ ಅಂದ್ಲು.”

ಅಷ್ಟೇ ನಾನು ಅಂದದ್ದು. ಅಂದು ಹೂವಿಗೆ ನೀರು ಚಿಮುಕಿಸುತ್ತ ಕೂತೆ. ನೀನು ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ — ಗೊತ್ತಿಲ್ಲ. ನೀನು “ಹೋಗ್ತೀನಿ” ಅಂದೆ. ಬರ್ತೀನಿ ಅನ್ನಲಿಲ್ಲ.

ನನ್ನ ಮದುವೆಯಾಯಿತು. ಅಪ್ಪ ತೀರಿಕೊಂಡಾಗ ನಿನಗೆ ತಿಳಿಸಲು ನಂಬರ್ ಇರಲಿಲ್ಲ.

ಮೊನ್ನೆ, ಈಗ ವ್ಯಾಪಾರಿಗಳ ಫೋನೆಲ್ಲ ಮೊಬೈಲಿಗೇ ಬರುತ್ತವೆ, ಈ ಲೈನು ತೆಗೆಸೋಣ ಅಂದೆ. ಹೂ ಕಟ್ಟುತ್ತಿದ್ದ ಅವ್ವ ತಲೆ ಎತ್ತದೆ ಅಂದಳು: “ಇರ್ಲಿ ಬಿಡೋ. ಅಕಿಗೆ ಇದೊಂದ ನಂಬರ್ ಬಾಯಾಗ ಇರೋದು.”

ಇಷ್ಟು ವರ್ಷ ಅವಳು ಕಾಯುತ್ತಿದ್ದಾಳೆ ಅಂತ ನನಗೆ — ಗೊತ್ತಿತ್ತು. ಅವತ್ತು ಅವಳಿಗೆ ಎಲ್ಲ ಹೇಳಿದೆ. ಅಳಿಸಿದ್ದು, ಸಂತೆ, ಅವಳ ಹೆಸರಲ್ಲಿ ನಾನಂದ ಮಾತು. ಅವಳ ಕೈಯಲ್ಲಿ ದಾರ ನಿಂತಿತು.

“ಕಡೀಕ ಏನಂದ್ಲು?”

“ಹೋಗ್ತೀನಿ ಅಂದ್ಲು.”

ಬೈಯಲಿಲ್ಲ. ಎದ್ದು ಫೋನ್ ತಂದಳು.

“ಆ ಗುಂಡಿ ಯಾವುದು, ತೋರ್ಸು.”

ತೋರಿಸಿದೆ. ಈಗ ಹೊಲದಿಂದ ಬಂದವಳೇ ಕೈ ಕೂಡ ತೊಳೆಯದೆ ಅದನ್ನು ಕಿವಿಗೆ ಹಿಡಿಯುತ್ತಾಳೆ. ಕೇಳಿ ಮುಗಿಸಿ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾಳೆ. ನನ್ನ ಕೈಗೆ ಕೊಡುವುದಿಲ್ಲ. ನಾನೂ ಕೇಳಿಲ್ಲ.

ನಂಬರ್ ಅದೇ ಇದೆ, ಅಕ್ಕಾ. ಗುಂಡಿ ಒತ್ತುವವಳು ಈಗ ಅವ್ವ.