ಕೋರ್ಟಿನ ನೆಲದ ಮೇಲೆ ಕಾಲು ಚಾಚಿ ಕೂತ ದಿನ

ಹಾಸನದ ಆಸ್ಪತ್ರೆಯಲ್ಲಿ ನರ್ಸಮ್ಮ ಮೊಮ್ಮಗಳನ್ನು ತಂದು ನನ್ನ ಕೈಗೆ ಕೊಟ್ಟಾಗ ನಾನು ನಕ್ಕ ಸದ್ದಿಗೆ ಪಕ್ಕದ ಮಂಚದ ಬಾಣಂತಿ ಎದ್ದು ಕೂತಳು. ತಲೆ ತುಂಬ ಕೂದಲು, ಮೂಗು ಥೇಟು ನಮ್ಮ ಯಜಮಾನರದು. ಬಂದವರಿಗೆಲ್ಲ ತೋರಿಸಿದೆ, ನೆಲ ಒರೆಸುವವಳನ್ನೂ ಕರೆದು ತೋರಿಸಿದೆ. ಸಂತೋಷ ಅನ್ನುವುದು ಮೈಯಲ್ಲಿ ಹಿಡಿಸುತ್ತಿರಲಿಲ್ಲ. ಆಮೇಲೆ ಆ ಪುಟ್ಟ ಬೆನ್ನಿನ ಮೇಲೆ ಕೈಯಾಡಿಸಿದೆ, ಆಗ ನೆನಪಾಯಿತು: ಈ ಬೆನ್ನಿಗೆ ನೀರು ಹುಯ್ಯುವವಳು ನಾನಲ್ಲ.

ಶಾಂತಿಗ್ರಾಮದ ಹತ್ತಿರ ನಮ್ಮೂರು. ನಮ್ಮೂರಿನ ಕೂಸುಗಳಿಗೆ ಮೂವತ್ತು ವರ್ಷ ನೀರು ಹಾಕಿದವಳು ನಾನು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲನ್ನು ಚಾಚಿ, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ತಿಕ್ಕಿ, ಹಂಡೆಯ ಬಿಸಿನೀರನ್ನು ಚೊಂಬಿನಿಂದ ಹುಯ್ಯಬೇಕು. ಎಂಥ ರಚ್ಚೆ ಹಿಡಿದ ಕೂಸೂ ನಾಲ್ಕನೇ ಚೊಂಬಿಗೆ ಕಣ್ಣು ಮುಚ್ಚುತ್ತದೆ. ಯಾರ‍್ಯಾರ ಮಕ್ಕಳಿಗೋ ಮಾಡಿದೆ. ನನ್ನ ಮಗಳ ಮಗುವಿಗೆ ಮಾಡುವ ಹೊತ್ತಿಗೆ ಬಲಗಾಲು ಚಾಚಲು ಬರುತ್ತಿರಲಿಲ್ಲ.

ಅದಕ್ಕೆ ಹತ್ತು ತಿಂಗಳ ಹಿಂದೆ ಚನ್ನರಾಯಪಟ್ಟಣದಲ್ಲಿ ನೆಂಟರ ಕೂಸಿಗೆ ನೀರು ಹಾಕಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಶಾಂತಿಗ್ರಾಮದಲ್ಲಿ ಇಳಿಯುವಾಗ ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಮೆಟ್ಟಿಲ ಮೇಲಿತ್ತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಬಲಮಂಡಿಯ ಮೂಳೆ ಪುಡಿಯಾಯಿತು. ಡಾಕ್ಟರು ಕೂಡಿಸಿದರು, ಆದರೆ ಮಂಡಿ ಮಡಿಚಿದ್ದು ಮಡಿಚಿದಂತೆಯೇ ಉಳಿಯಿತು.

ಆಸ್ಪತ್ರೆಗೆ ಡ್ರೈವರ್ ಬಂದಿದ್ದ. ಹೊಳೆನರಸೀಪುರದ ಕಡೆಯವನು, ಇನ್ನೂ ಎಳೆಯ ಮುಖ. ಬಂದವನೇ ಕಾಲು ಹಿಡಿದುಕೊಂಡ.

“ತಪ್ಪಾಯ್ತು ಕಣವ್ವ. ಸೀಟಿ ಕೇಳ್ತು, ನಾನು ಕನ್ನಡೀಲೂ ನೋಡ್ದಂಗೆ ಬಸ್ ಬುಟ್ಬುಟ್ಟೆ. ಮನೇಲಿ ಬಾಣಂತಿ ಅವ್ಳೆ. ಕೂಸಿಗೆ ಒಂಬತ್ತು ದಿನ.”

“ಯಾವ ಕೂಸಪ್ಪ?”

“ಗಂಡು ಕಣವ್ವ.”

“ನೀರು ಹಾಕೋರು ಯಾರವ್ರೆ?”

“ಯಾರೂ ಇಲ್ಲ. ನಮ್ಮವ್ವನೂ ಇಲ್ಲ, ಅವಳವ್ವನೂ ಇಲ್ಲ. ನಾನೇ ಹೆದ್ರುಕೊಂಡು ಒದ್ದೆ ಬಟ್ಟೇಲಿ ಒರೆಸ್ತೀನಿ.”

ನನ್ನ ಕಾಲಿನ ನೋವು ಮರೆತೇ ಹೋಯಿತು. ಹರಳೆಣ್ಣೆ ಎಷ್ಟು ಹಚ್ಚಬೇಕು, ನೀರಿನ ಬಿಸಿಯನ್ನು ಮೊಣಕೈಯಲ್ಲಿ ಹೇಗೆ ನೋಡಬೇಕು ಎಂದು ಮಲಗಿದಲ್ಲೇ ಹೇಳಿಕೊಟ್ಟೆ. ಮಾರನೆಯ ದಿನ ಪೊಲೀಸಿನವರು ಬಂದು ಏನಾಯಿತಮ್ಮ ಎಂದು ಕೇಳಿದರು. “ಬಸ್ಸು ನಿಂತೇ ಇತ್ತು ಸಾ. ನಾನೇ ಆತುರಕ್ಕೆ ಇಳ್ಯಕ್ಕೋಗಿ ಬಿದ್ದೆ” ಅಂದೆ. ಬರೆದುಕೊಂಡರು. ಮೂರನೇ ಕ್ಲಾಸಿನ ಅಕ್ಷರದಲ್ಲಿ ರುಜು ಹಾಕಿದೆ. ಒಂದು ಬಾಣಂತಿ ಮನೆಯನ್ನು ಉಳಿಸಿದೆ ಎಂದುಕೊಂಡೆ.

ಮಗಳು ಕೂಸಿನ ಜೊತೆ ಮನೆಗೆ ಬಂದ ಮೇಲೆ ಎದುರು ಮನೆಯವಳು ನೀರು ಹಾಕಲು ಬರುತ್ತಿದ್ದಳು. ನಾನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ.

“ಏನೇ, ಕೂಸಿಗೆ ನೀರು ಹಾಕ್ತಿದ್ದೀಯೋ, ಸೊಪ್ಪು ತೊಳೀತಿದ್ದೀಯೋ? ಕತ್ತಿಗೆ ಕೈ ಕೊಡೇ!”

“ಅಂಗಾರೆ ನೀನೇ ಬಾರಕ್ಕ, ಕುರ್ಚಿ ಬುಟ್ಟು ಇಳಿ!”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಕತ್ತಿಗೆ ಕೈ ಕೊಟ್ಟು ನೀರು ಹುಯ್ದಳು. ಕೂಸು ನಾಲ್ಕನೇ ಚೊಂಬಿಗೆ ಕಣ್ಣು ಮುಚ್ಚಿತು. ಇನ್ನೊಬ್ಬರ ಕಾಲ ಮೇಲೆ.

ಮಂಡಿಗೆ ಇನ್ನೊಂದು ಆಪರೇಷನ್ ಮಾಡಿದರೆ ಕಾಲು ನೆಟ್ಟಗಾಗಬಹುದು ಎಂದು ಡಾಕ್ಟರು ಅಂದಿದ್ದರು. ಅದರ ಖರ್ಚು ನಮ್ಮ ಕೈಗೆ ಎಟುಕುವಂಥದ್ದಲ್ಲ. ಆ ದಿನ ಬಸ್ಸಿನಲ್ಲಿ ನನ್ನ ಹಿಂದೆಯೇ ಇದ್ದ ಹೂವಿನವಳು ಕೂಸು ನೋಡಲು ಬಂದಳು. ನಾನು ಇಳಿಯುವ ಮೊದಲೇ ಬಸ್ಸು ಹೊರಟಿತು ಎಂದು ಪೊಲೀಸಿಗೆ ದೂರು ಕೊಟ್ಟವಳೇ ಅವಳು. ನಾನು ಹೇಳಿದ ಸುಳ್ಳು ಕೇಳಿ ಮುಖ ಕೆಂಪಗೆ ಮಾಡಿಕೊಂಡು, ನನ್ನನ್ನು ಚನ್ನರಾಯಪಟ್ಟಣದ ಒಬ್ಬ ಲಾಯರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಲಾಯರಮ್ಮ ಎಲ್ಲ ಕೇಳಿ, “ಅಜ್ಜಿ, ನೀವು ಕೇಸು ಹಾಕಿದ್ರೆ ಡ್ರೈವರ್ ಮನೆ ಪಾತ್ರೆ ಪಡಗ ಹೊತ್ಕೊಂಡು ಹೋಗ್ತಾರೆ ಅಂದ್ಕೊಂಡ್ರಾ?” ಅಂದರು.

“ಇಲ್ವಾ ಮತ್ತೆ?”

“ಬಸ್ಸಿಗೆ ವಿಮೆ ಮಾಡಿಸಿರೋದು ಇದಕ್ಕೇ. ಪರಿಹಾರ ಕೊಡಬೇಕಾದ್ದು ಆ ವಿಮೆಯೋರು. ನಿಮ್ಮ ಸುಳ್ಳಿಂದ ಲಾಭ ಆಗಿರೋದು ಅವರಿಗೆ, ಆ ಹುಡುಗನಿಗಲ್ಲ. ಇನ್ನೊಬ್ಬರ ಅಜಾಗರೂಕತೆಯಿಂದ ನಿಮ್ಮ ಕಾಲು ಹೋಗಿದೆ. ಕೇಳೋದು ಭಿಕ್ಷೆ ಅಲ್ಲ, ನಿಮ್ಮ ಹಕ್ಕು.”

ಹಕ್ಕು ಅಂದರೆ ಹೊಲದ್ದು, ದಾರಿಯದ್ದು, ಬಾವಿಯದ್ದು ಅಂತ ತಿಳಿದಿದ್ದವಳು ನಾನು. ಕಾಲಿಗೂ ಇದೆ ಅಂತ ಅವತ್ತು ಗೊತ್ತಾಯಿತು.

ಕೇಸು ಹಾಕಿದೆವು. ಒಂದು ತಾರೀಖಿಗೆ ಹೋಗಿ ಬರುವಷ್ಟರಲ್ಲಿ ಕೂಸು ಮಗ್ಗುಲಾಯಿತು. ಇನ್ನೊಂದು ತಾರೀಖಿಗೆ ಅಂಬೆಗಾಲಿಟ್ಟಿತು. ಮಗಳು ಕೂಸನ್ನು ಎತ್ತಿಕೊಂಡು ಅರಕಲಗೂಡಿನ ಗಂಡನ ಮನೆಗೆ ಹೋದಳು. ಮುಂದಿನ ತಾರೀಖಿಗೆ ಎದ್ದು ನಿಂತಿತಂತೆ, ಫೋನಿನಲ್ಲಿ ತೋರಿಸಿದಳು. ನಾನು ಚಪ್ಪಾಳೆ ತಟ್ಟಿ ಕೂಗಿದೆ, ಬೀದಿಯವರೆಲ್ಲ ಬಂದರು. ಅವರು ಹೋದ ಮೇಲೆ ಲೆಕ್ಕ ಹಾಕಿದೆ: ನಿಲ್ಲುವ ಕೂಸನ್ನು ಕಾಲ ಮೇಲೆ ಇನ್ನೆಷ್ಟು ದಿನ ಮಲಗಿಸಲಾದೀತು? ಬೇಗ ಆಗಲಪ್ಪ ಎಂದು ಬೇಡಿದ್ದು ಕೋರ್ಟಿಗೆ. ಸ್ವಲ್ಪ ನಿಧಾನವಾಗಿ ಬೆಳೆಯವ್ವ ಎಂದು ಬೇಡಿದ್ದು ಕೂಸಿಗೆ.

ಕೊನೆಗೆ ನನ್ನನ್ನು ಕಟಕಟೆಗೆ ಕರೆದರು. ವಿಮೆಯ ಕಡೆಯ ಲಾಯರು ಕನ್ನಡಕದ ಮೇಲಿಂದ ನೋಡಿದರು.

“ತಪ್ಪು ನನ್ನದೇ ಅಂತ ಪೊಲೀಸರಿಗೆ ಹೇಳಿದ್ದೀರಿ. ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?”

“ಆಗ ಹೇಳಿದ್ದು ಸಾ.”

“ಯಾಕೆ ಹೇಳಿದ್ರಿ?”

“ಆ ಡ್ರೈವರ್ ಮನೇಲಿ ಒಂಬತ್ತು ದಿನದ ಕೂಸಿತ್ತು. ನೀರು ಹಾಕೋರಿಲ್ಲ. ಅವ್ನನ್ನೂ ಟೇಸನ್ನಿಗೆ ಕರ್ಕೊಂಡೋದ್ರೆ ಒರೆಸೋರೂ ಇರಕ್ಕಿಲ್ವಲ್ಲ ಅಂತ.”

ಯಾರೋ ನಕ್ಕರು. ಲಾಯರು ನಗಲಿಲ್ಲ. “ಕೋಲಿಲ್ಲದೆ ನಡ್ಕೊಂಡೇ ಬಂದ್ರಲ್ಲಮ್ಮ. ಏನು ಅಂಥ ಕಷ್ಟ ನಿಮಗೆ?”

ನನಗೆ ರೇಗಿತು. “ತೋರಿಸ್ಲಾ ಸ್ವಾಮಿ?” ಎಂದು ಜಡ್ಜ್ ಸಾಹೇಬರನ್ನೇ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, “ತೋರಿಸಿ” ಅಂದರು.

ಕಟಕಟೆ ಇಳಿದೆ. ಲಾಯರಮ್ಮನ ತೋಳು ಹಿಡಿದುಕೊಂಡು ನೆಲದ ಮೇಲೆ ಕೂತೆ, ಕೂರುವುದಕ್ಕೇ ತುಂಬ ಹೊತ್ತಾಯಿತು. ಕಾಲು ಚಾಚಿದೆ. ಎಡಗಾಲು ನೆಟ್ಟಗೆ ಮಲಗಿತು. ಬಲಗಾಲು ಗುಡಾರದ ಹಾಗೆ ನಿಂತಿತು.

“ಕೂಸಿನ ಬದ್ಲಿಗೆ ಏನಾರ ಕೊಡವ್ವ” ಅಂದೆ. ಲಾಯರಮ್ಮ ನನ್ನ ಕೇಸಿನ ಕಟ್ಟನ್ನೇ ಕೊಟ್ಟರು. ಕೂಸನ್ನು ಮಲಗಿಸುವ ಹಾಗೆ ಅದನ್ನು ಮೆಲ್ಲಗೆ ಕಾಲ ಮೇಲೆ ಇಟ್ಟು ಕೈ ಬಿಟ್ಟೆ. ಅದು ಜಾರಿ ಎಡಕ್ಕೆ ಉರುಳಿತು. ನನ್ನ ಕೈ ತಾನಾಗಿ ಹಿಡಿಯಲು ಹೋಯಿತು, ಸಿಗಲಿಲ್ಲ. ದೊಪ್ಪನೆ ಬಿತ್ತು. ಬರೀ ಕಾಗದ ಎಂದು ಗೊತ್ತಿದ್ದೂ ಪೆಟ್ಟಾಯಿತೇನೋ ಎಂದು ಬಗ್ಗಿ ನೋಡಿದೆ.

“ಇದೇ ಸ್ವಾಮಿ ನನ್ನ ಕಷ್ಟ” ಅಂದೆ.

ಜಡ್ಜ್ ಸಾಹೇಬರು ಟೈಪು ಮಾಡುವವರ ಕಡೆ ತಿರುಗಿ ನಿಧಾನವಾಗಿ ಏನೋ ಬರೆಸಿದರು. ಕಟ್ಟನ್ನು ಎತ್ತಿಕೊಟ್ಟು ನನಗೆ ಕೈ ಕೊಟ್ಟವರು ಆ ಕನ್ನಡಕದ ಲಾಯರೇ. “ಏಳಿ ಅಜ್ಜಿ” ಅಂದರು.

ಹೂವಿನವಳೂ ಬಂದು ಸಾಕ್ಷಿ ಹೇಳಿದಳು, ಅವಳ ಮಾತನ್ನು ಕೋರ್ಟು ನಂಬಿತು. ತೀರ್ಪು ಬಂದ ದಿನ ಲಾಯರಮ್ಮ ಓದಿ ಹೇಳಿದರು: ಇಷ್ಟು ಹಣ ಮುಂದಿನ ಆಪರೇಷನ್ನಿಗೆ, ಇಷ್ಟು ಉಂಡ ನೋವಿಗೆ, ಇಷ್ಟು ಬದುಕಿನಲ್ಲಿ ಕಳೆದುಕೊಂಡ ಸಂತೋಷಕ್ಕೆ.

“ಅದ್ನೂ ಬರ್ದವ್ರಾ?”

“ಬರೆದಿದ್ದಾರೆ. ಮಗುವಿಗೆ ಸ್ನಾನ ಮಾಡಿಸೋದು ಅಂತಾನೇ ಬರೆದಿದ್ದಾರೆ.”

ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ ಅಂದೆ. ತೋರಿಸಿದರು. ಇಂಗ್ಲಿಷಿನಲ್ಲಿತ್ತು. ಆದರೂ ನೋಡಿದೆ.

ಹಾಸನದಲ್ಲಿ ಆಪರೇಷನ್ ಆಯಿತು, ಕಾಲು ನೆಟ್ಟಗಾಯಿತು. ಮಂಡಿ ನೋವಿಲ್ಲದೆ ನೆಲದ ಮೇಲೆ ಕೂರುವ ಹೊತ್ತಿಗೆ ಮೊಮ್ಮಗಳಿಗೆ ನಾಲ್ಕು ವರ್ಷ. ಈ ಸಲದ ದೀಪಾವಳಿಗೆ ಬಂದಳು. ಮುಂಜಾನೆ ಹಂಡೆ ತುಂಬ ಕಾಯಿಸಿ, ಮಣೆ ಹಾಕಿಕೊಂಡು, ಎರಡೂ ಕಾಲು ಚಾಚಿ ಕರೆದೆ.

“ಅವ್ವ, ಅವ್ಳೀಗ ಶವರ್ ಕೆಳಗೆ ಕುಣಿಯೋಳು ಕಣವ್ವ” ಎಂದು ಮಗಳು ನಕ್ಕಳು.

ನನ್ನ ಮುಖ ನೋಡಿಯೋ ಏನೋ, ಕೂಸು ಬಂದು ಮಲಗಿತು. ತಲೆ ನನ್ನ ತೊಡೆಯ ಮೇಲೆ, ಪಾದಗಳು ನನ್ನ ಪಾದ ದಾಟಿ ಕಲ್ಲಿನ ಮೇಲೆ. ನನ್ನ ಕಾಲಿನ ಉದ್ದ ಸಾಲಲಿಲ್ಲ. ಎಣ್ಣೆ ಹಚ್ಚಿದ ಬೆನ್ನಿನ ಮೇಲೆ ಕೈಯಾಡಿಸಿ ಮೊದಲನೇ ಚೊಂಬು ಹುಯ್ದೆ. ಎರಡನೇದು ಹುಯ್ದೆ.

“ಅಜ್ಜೀ, ನಿನ್ನ ಮೂಳೆ ಚುಚ್ಚುತ್ತೆ! ಸಾಕು ಬಿಡು!”

ಎದ್ದು ಜಾರಿಕೊಂಡು, ಹಜಾರದ ತುಂಬ ನೀರು ಚೆಲ್ಲುತ್ತ ಓಡಿದಳು. ಹಿಂದೆ ಟವೆಲು ಹಿಡಿದು ಅವಳಮ್ಮ, ಅವರಿಬ್ಬರ ಹಿಂದೆ ನನ್ನ ನಗು. ಹಂಡೆಯಲ್ಲಿ ಮುಕ್ಕಾಲು ನೀರು ಹಾಗೇ ಇತ್ತು, ಹಬೆಯಾಡುತ್ತಿತ್ತು. ನಾನು ಕೂಡಲೇ ಏಳಲಿಲ್ಲ. ಕಾಲು ಮಡಿಚಲು ಮನಸ್ಸಾಗಲಿಲ್ಲ.